ಕಾಡಿಗೆ ಕುಳ್ಳು ಹೊತ್ತವರು

ನನ್ನ ಗಂಡನ ಮನೆಯವರು ಒಮ್ಮೆ ಕಾಡಿಗೆ ಹೋಗಿ ಡೇರೆ ಹಾಕಿಕೊಂಡು ಇದ್ದು ಬರಲು ನಾಲ್ಕು ತಿಂಗಳು ಯೋಜನೆ ಹಾಕಿದರು. ಇದ್ದು ಬಂದದ್ದು ಒಂದೂವರೆ ದಿನ. ಇದನ್ನು ಅವರೆದುರು ಹೇಳಿದರೆ ಈಗಲೂ ಮೋರೆ ಗಂಟು ಹಾಕಿಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ನವಲಗುಂದದ ಕಡೆಯ ಮೊರಬಕ್ಕೆ ಬಂದು ವರ್ಷ ಕಳೆದಿತ್ತು. ನನ್ನ ತವರು ಕಲಘಟಗಿ ತಾಲೂಕಿನ ದುಮ್ಮವಾಡ. ಎರಡೂ ಒಂದೇ ಜಿಲ್ಲೆ ಎಂದು ನಕ್ಷೆ ಹೇಳುತ್ತದೆ, ಆದರೆ ನಕ್ಷೆ ಬರೆದವನು ಎರಡೂ ಕಡೆ ಕಾಲಿಟ್ಟವನಲ್ಲ. ನಮ್ಮ ಕಡೆ ಭತ್ತದ ಗದ್ದೆ ಮುಗಿದಲ್ಲಿಂದ ಸ್ವಲ್ಪ ದೂರ ನಡೆದರೆ ಸಾಗವಾನಿ, ಬಿದಿರು. ದನಗಳು ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ತಾವೇ ಮನೆಗೆ ಬರುತ್ತಿದ್ದವು. ಮೊರಬದಲ್ಲಿ ಮಾಳಿಗೆ ಹತ್ತಿ ನಿಂತರೆ ಕೆಳಗೆ ಕಪ್ಪು ನೆಲ, ಮೇಲೆ ಆಕಾಶ, ನಡುವೆ ಏನೂ ಇಲ್ಲ. ಬಂದ ಹೊಸದರಲ್ಲಿ ನನ್ನನ್ನು ಯಾರೋ ಬಟ್ಟೆ ಬಿಚ್ಚಿ ಬಯಲಿನಲ್ಲಿ ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ಆಮೇಲೆ ರೂಢಿಯಾಯಿತು.

ಮನೆಯಲ್ಲಿ ಐದು ಜನ. ಮಾವ, ಬೇಕಾದಷ್ಟು ಎರೆಹೊಲದ ಒಡೆಯರು, ಊರಿನಲ್ಲಿ ಎಲ್ಲರೂ ಸಾವಕಾರ ಎನ್ನುತ್ತಿದ್ದರು. ಅವರ ತಮ್ಮ, ಎಲ್ಲರ ಬಾಯಲ್ಲೂ ಕಾಕಾ, ಮದುವೆಯಾಗದೆ ಟ್ರ್ಯಾಕ್ಟರ್ ಇಂಜಿನ್ನಿನ ಜೊತೆ ಸಂಸಾರ ಮಾಡುತ್ತಿದ್ದವರು. ನನ್ನ ಗಂಡ, ಅದೇ ಊರಿನ ಹೈಸ್ಕೂಲು ಮಾಸ್ತರು. ಅತ್ತೆ. ನಾನು. ಇಷ್ಟು ಜನರ ಜೊತೆಗೆ ಮಾವನ ಗೆಳೆಯರಾದ ಒಬ್ಬ ನಿವೃತ್ತ ತಲಾಠಿ, ಅಂದರೆ ಊರ ಹೊಲಗಳ ಲೆಕ್ಕಪತ್ರ ಬರೆಯುತ್ತಿದ್ದವರು, ಇದ್ದರು. ಅವರಿಗೆ ಸ್ವಂತ ಮನೆಯಿತ್ತು ಎಂದು ಕೇಳಿದ್ದೆ, ಆದರೆ ಅವರು ಅಲ್ಲಿದ್ದದ್ದನ್ನು ನೋಡಿದವರಿಲ್ಲ. ಮುಂಜಾನೆಯ ಚಹಾದಿಂದ ಸಂಜೆಯ ಅವಲಕ್ಕಿಯವರೆಗೆ ನಮ್ಮ ಪಡಸಾಲೆಯಲ್ಲೇ ಬೀಡು.

ಕಾಡಿನ ಮಾತು ಹುಟ್ಟಿದ್ದು ಪಡಸಾಲೆಯಲ್ಲಲ್ಲ, ಹಿತ್ತಲಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಅದು ತಮ್ಮ ತಲೆಯಲ್ಲಿ ಹೊಳೆದದ್ದು ಎಂದು ಸಾಧಿಸಿದರು. ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಅತ್ತೆ, ನಾನು ಕುಳ್ಳು ತಟ್ಟುತ್ತಿದ್ದೆವು. ಸಗಣಿಗೆ ಹೊಟ್ಟು ಕಲಸಿ ತಟ್ಟಿ ಒಣಗಿಸಿದರೆ ಕುಳ್ಳು. ಗಿಡಮರಗಳ ಸುಳಿವಿಲ್ಲದ ಆ ಸೀಮೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅದರಿಂದ, ಇಲ್ಲವೇ ಒಣಗಿದ ಹತ್ತಿಗಿಡದ ಕಡ್ಡಿಗಳಿಂದ. ಅತ್ತೆ ಕೈ ನಿಲ್ಲಿಸದೆ ಕೇಳಿದರು.

“ನಿಮ್ಮ ಕಡೆ ಅಡವಿ ಐತಿ ಅಂತಾರಲ್ಲ, ಅದರಾಗ ಹೊಕ್ಕರ ಖರೇನ ಬಿಸಲು ಕಾಣೂದಿಲ್ಲೇನ ಬೇ?”

“ಕಾಣೂದಿಲ್ರಿ ಅತ್ತಿ. ಎಲಿ ಸಂದ್ಯಾಗ ಅಲ್ಲೊಂದು ಇಲ್ಲೊಂದು ತುಣುಕು ಬೀಳತೈತಿ, ಅಷ್ಟ.”

“ಹಂಗಾರ ಅಲ್ಲೆ ನೆರಳು ಸರಿಯೂದಿಲ್ಲ,” ಎಂದರು ಅತ್ತೆ.

ನನಗೆ ಮೊದಲು ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನಮ್ಮ ದೊಡ್ಡ ಹೊಲದಲ್ಲಿ ಇದ್ದದ್ದು ಒಂದೇ ಒಂದು ಜಾಲಿಗಿಡ. ಕಳೆ ತೆಗೆಯಲು ಹೋದ ಹೆಂಗಸರೆಲ್ಲ ಬುತ್ತಿ ಬಿಚ್ಚುವುದು ಅದರ ಕೆಳಗೆ. ಜಾಲಿಯ ನೆರಳು ಎಷ್ಟಿದ್ದೀತು? ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಬಿಸಿಲು ಬೆನ್ನಿಗೆ ಬರುತ್ತದೆ, ಬುತ್ತಿ ಎಳೆದುಕೊಂಡು ಆಚೆ ಸರಿಯಬೇಕು. ಮತ್ತೆ ನಾಲ್ಕು ತುತ್ತು, ಮತ್ತೆ ಸರಿಯಬೇಕು. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಗಿಡ ಸುತ್ತುತ್ತಲೇ ಉಂಡವರು.

“ಒಂದ ದಿನ, ಮುಂಜಾನಿಂದ ಸಂಜೀತನಕ, ಕುಂತ ಜಾಗಾ ಬಿಟ್ಟು ಏಳಲಾರದಂಥ ನೆರಳಾಗ ಕುಂದ್ರಬೇಕು ನೋಡು,” ಎಂದರು. “ಮತ್ತೇನೂ ಬ್ಯಾಡ ನನಗ.”

ಅತ್ತೆ ಏನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ತವರಿಗೆ, ಹೊಲಕ್ಕೆ, ಒಮ್ಮೆ ಹುಬ್ಬಳ್ಳಿಯ ದವಾಖಾನೆಗೆ ಬಿಟ್ಟರೆ ಅವರು ಎಲ್ಲಿಗೂ ಹೋದವರಲ್ಲ. ದಾಂಡೇಲಿಯ ಕಡೆ ಅಭಯಾರಣ್ಯವಿದೆ, ಹೊಳೆಯ ದಂಡೆಯಲ್ಲಿ ಜನ ಡೇರೆ ಹಾಕಿಕೊಂಡು ಇರಲು ಬಿಡುತ್ತಾರೆ ಎಂದು ತವರಿನಲ್ಲಿ ಕೇಳಿದ್ದೆ. ಆವತ್ತೇ ಗಂಡನ ಕಿವಿಗೆ ಹಾಕಿದೆ. ಅತ್ತೆಯನ್ನು ಕರೆದುಕೊಂಡು ಹೋಗಲೇಬೇಕು ಎಂದೆ.

ಅವರು ಮರುದಿನ ಮುಂಜಾನೆ ಅದನ್ನು ತಮ್ಮ ವಿಚಾರವೆಂದು ಅಪ್ಪನ ಮುಂದಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಮಾವನ ವಿಚಾರವಾಗಿತ್ತು. ಸಂಜೆ ತಲಾಠಿಯವರು, “ಸಾವಕಾರ್ರ, ನಾ ನಿಮಗ ಮೂರು ವರ್ಷದಿಂದ ಹೇಳಿಕೋತ ಬಂದೀನಿ,” ಎನ್ನುವುದು ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಕೇಳಿಸಿತು. ಅತ್ತೆ ನನ್ನ ಮುಖ ನೋಡಿ ನಕ್ಕರು. ಯಾರ ವಿಚಾರವಾದರೇನು, ಹೋಗುವುದಾಯಿತಲ್ಲ ಎಂಬ ನಗು.

ಅಲ್ಲಿಂದ ಪಡಸಾಲೆಯಲ್ಲಿ ದಿನಾ ಸಭೆ. ಮೊದಲನೆಯ ಹದಿನೈದು ದಿನ ಅರ್ಜಿ ಬರೆಯುವುದರಲ್ಲಿ ಹೋಯಿತು. ನನ್ನ ಗಂಡ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ತಂದಿದ್ದರು. ತಲಾಠಿಯವರು ಅದನ್ನು ಕನ್ನಡಕ ಏರಿಸಿ, ಇಳಿಸಿ ಓದಿದರು. ಅರ್ಜಿ ಎಂದರೆ ಹೀಗಿರುವುದಿಲ್ಲ, ಅದಕ್ಕೆ ಚಕ್ಕುಬಂದಿ, ನಾಲ್ಕೂ ದಿಕ್ಕಿನ ಗಡಿಯ ವಿವರ, ಬೇಕು ಎಂದರು. ಚಕ್ಕುಬಂದಿ ಹೊಲಕ್ಕೆ ಇರುತ್ತದೆ, ವಿಹಾರಕ್ಕೆ ಎಲ್ಲಿಂದ ತರುವುದು? ಕೊನೆಗೆ ಡೇರೆಯ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂಬುದನ್ನು ಖಾಲಿ ಬಿಟ್ಟು, ಅರಣ್ಯ ಕಚೇರಿಯವರೇ ತುಂಬಿಕೊಳ್ಳತಕ್ಕದ್ದು ಎಂದು ಬರೆದು ಕಳಿಸಿದರು. ತಲಾಠಿಯವರಿಗೆ ಕಾಡಿನ ವಿಷಯದಲ್ಲಿ ಇಷ್ಟು ಅಧಿಕಾರ ಎಲ್ಲಿಂದ ಬಂತು ಎಂದರೆ, ಅವರು ಒಮ್ಮೆ ರೈಲಿನಲ್ಲಿ ಗೋವಾಕ್ಕೆ ಹೋಗುವಾಗ ಲೋಂಡಾ ದಾಟಿದ ಮೇಲೆ ಕಿಟಕಿಯಿಂದ ಅದನ್ನು ನೋಡಿದ್ದರು.

ಆಮೇಲೆ ಯಾವಾಗ ಹೋಗುವುದು ಎಂಬ ಪ್ರಶ್ನೆ ಬಂತು. ಸುಗ್ಗಿ ಮುಗಿದು ಕಡಲೆ, ಜೋಳ ಮನೆಗೆ ಬಂದ ಮೇಲೆ ಹೋಗೋಣ ಎಂದರು ಮಾವ. ಅಂದರೆ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ. ನಾನು ಚಹಾ ಕೊಡಲು ಹೋದವಳು ತಡೆಯಲಾರದೆ ಬಾಯಿ ಬಿಟ್ಟೆ. ಮಾವನ ಎದುರು ಸೊಸೆ ನೇರ ಮಾತಾಡುವ ಪದ್ಧತಿಯಿರಲಿಲ್ಲ, ಗಂಡನ ಕಡೆ ನೋಡುತ್ತ ಹೇಳಿದೆ.

“ಆಗ ಸಾಗವಾನಿ ಎಲಿ ಎಲ್ಲಾ ಉದರಿ ಬೋಳಾಗಿರತಾವ್ರಿ. ಸಂಕ್ರಾಂತಿಗಿಂತ ಮೊದಲ ಹೋದ್ರ ಚೊಲೊ ಆಗತೈತಿ.”

ಮಾವ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, ಸುರ್ರೆಂದು ಒಂದು ಗುಟುಕು ಎಳೆದು, ಮಗನ ಕಡೆ ತಿರುಗಿದರು.

“ನಿನ್ನ ಹೇಂತಿಗೆ ಹೇಳು, ಚಹಾದಾಗ ಸಕ್ಕರಿ ಕಡಿಮಿ ಆಗೇತಿ.”

ತಲಾಠಿಯವರು ನಕ್ಕರು. ಕಾಕಾನೂ ನಕ್ಕರು. ನನ್ನ ಗಂಡ ನಗಲಿಲ್ಲ, ಆದರೆ ಎದ್ದು ಸಕ್ಕರೆ ಡಬ್ಬಿ ತಂದುಕೊಟ್ಟರು. ಅದು ನಕ್ಕಿದ್ದಕ್ಕಿಂತ ಹೆಚ್ಚು ಉರಿಯಿತು. ನಾನು ಒಳಗೆ ಬಂದು ತಟ್ಟೆಯನ್ನು ಬೇಕೆಂದೇ ಸದ್ದಾಗುವಂತೆ ಇಟ್ಟೆ. ಇನ್ನು ಇವರ ಯೋಜನೆಯಲ್ಲಿ ಒಂದು ಮಾತು ಆಡಿದರೆ ಕೇಳು ಎಂದು ಅಲ್ಲೇ ನಿರ್ಧಾರ ಮಾಡಿದೆ. ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವಳು ಮನೆಯಲ್ಲಿರುವಾಗ ರೈಲಿನ ಕಿಟಕಿಯಿಂದ ನೋಡಿದವನ ಮಾತು ಕೇಳುತ್ತಾರಲ್ಲ, ಕೇಳಲಿ. ಅತ್ತೆ ಎಲ್ಲವನ್ನೂ ಬಾಗಿಲ ಮರೆಯಿಂದ ನೋಡಿದ್ದರು. ನನ್ನ ಪಾಲಿನ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದರು.

ಅರ್ಜಿಗೆ ಉತ್ತರ ಬಂದದ್ದು ಒಂದೂವರೆ ತಿಂಗಳಿಗೆ. ಹೊಳೆಯ ದಂಡೆಯಲ್ಲಿ ಡೇರೆಗೆ ಜಾಗವಿದೆ, ಕಾವಲುಗಾರ ಅಲ್ಲೇ ವಾಸವಿದ್ದಾನೆ, ಎರಡು ದಿನ ಇರಬಹುದು ಎಂದು ಬರೆದಿದ್ದರು. ಕೆಳಗೆ ನಿಯಮಗಳು. ಅದರಲ್ಲಿ ಒಂದು, ಕಾಡಿನಲ್ಲಿ ಮರ ಕಡಿಯುವುದಾಗಲಿ ಸೌದೆ ಆರಿಸುವುದಾಗಲಿ ಮಾಡಬಾರದು. ತಲಾಠಿಯವರು ಆ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದರು.

“ಕೇಳಿದ್ರಿ? ಒಂದು ಕಡ್ಡಿ ಮುಟ್ಟಂಗಿಲ್ಲ. ಮುಟ್ಟಿದ್ರ ಕೇಸು.”

“ಹಂಗಾರ ಒಲಿ ಹೆಂಗ ಹಚ್ಚೂದು?” ಎಂದರು ಕಾಕಾ.

ಮಾವ ಮೀಸೆ ತಿರುವಿದರು. “ನಮ್ಮ ಮನ್ಯಾಗ ಕುಳ್ಳಿಗೇನು ಬರ ಐತೇನಲೇ? ಕಟ್ಟು ಆರು ಚೀಲ.”

ಒಳಗೆ ನಾನು ಹಿಟ್ಟು ನಾದುತ್ತಿದ್ದೆ. ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಕಾಡಿಗೆ ಸಗಣಿ ಕುಳ್ಳು! ಕಾಡಿನ ಬಾಗಿಲಲ್ಲೇ ಇಲಾಖೆಯ ಕಟ್ಟಿಗೆ ಡಿಪೋ ಇರುತ್ತದೆ, ಒಣಗಿದ ಸೌದೆಯನ್ನು ಹೊರೆ ಕಟ್ಟಿ ಕೊಡುತ್ತಾರೆ, ನಮ್ಮಪ್ಪ ಪ್ರತಿ ಚಳಿಗಾಲಕ್ಕೆ ಗಾಡಿ ಹೂಡಿಕೊಂಡು ಹೋಗಿ ತರುತ್ತಿದ್ದ. ಆರಿಸಬೇಡಿ ಎಂದರೆ ಡಿಪೋದಲ್ಲಿ ಕೊಂಡುಕೊಳ್ಳಿ ಎಂದರ್ಥ. ದುಮ್ಮವಾಡದ ಎಮ್ಮೆಗೂ ಗೊತ್ತಿದ್ದ ಸಂಗತಿ. ಹೇಳಲೇನು? ಸಕ್ಕರೆ ಕಡಿಮೆಯಾಗಿದೆ ಎಂದಾರು. ಹೊರಲಿ ಎಂದುಕೊಂಡೆ. ಕಾಡಿನ ಬಾಗಿಲಲ್ಲಿ ಆರು ಚೀಲ ಕುಳ್ಳು ಇಳಿಸುವಾಗ ತಲಾಠಿಯವರ ಮುಖ ಹೇಗಿರುತ್ತದೆ ಎಂದು ನೆನೆದು ಒಂದು ವಾರ ಒಬ್ಬಳೇ ನಕ್ಕೆ.

ಕುಳ್ಳಿನ ಹಿಂದೆಯೇ ನೀರು ಬಂತು. ಮಾವನಿಗೆ ಲಿಂಗಪೂಜೆಯಾಗದೆ ಹೊಟ್ಟೆಗೆ ಏನೂ ಹೋಗುವಂತಿಲ್ಲ, ಪೂಜೆಗೆ ನಮ್ಮೂರ ಕೆರೆಯ ನೀರೇ ಆಗಬೇಕು. ಮೊರಬದ ಕಡೆ ಬಾವಿ ತೋಡಿದರೆ ಉಪ್ಪು ನೀರು, ಹಾಗಾಗಿ ಊರಿನವರಿಗೆ ಕೆರೆಯ ನೀರೆಂದರೆ ದೇವರು. ಹೊಳೆಯ ದಂಡೆಯ ಮೇಲೆ ಕೂತು ಕೆರೆಯ ನೀರು ಕುಡಿಯಲು ಎರಡು ದೊಡ್ಡ ಹಾಲಿನ ಕ್ಯಾನು ತುಂಬುವುದು ಎಂದಾಯಿತು. ಆಮೇಲೆ ನೆಲದ ತೇವ ಬೆನ್ನಿಗೆ ಹತ್ತಬಾರದೆಂದು ಗಾದಿಗಳು, ಗಾದಿಗೆ ಮಣ್ಣು ಹತ್ತಬಾರದೆಂದು ನವಲಗುಂದದ ಜಮಖಾನೆಗಳು. ಹುಲಿ ಬಂದರೆ ಬಡಿದು ಓಡಿಸಲು ಕಾಕಾ ಒಂದು ಹಲಗೆ, ಅಂದರೆ ತಮಟೆ, ತಂದರು. ಹುಲಿ ಬಂದಾಗ ಹಲಗೆ ಬಡಿಯುವವನು ಯಾರು ಎಂಬುದರ ಮೇಲೆ ಒಂದಿಡೀ ಸಂಜೆ ವಾದ ನಡೆಯಿತು. ಕೊನೆಗೆ ಅಲ್ಲಿ ಇಲ್ಲದ ನನ್ನ ಗಂಡನನ್ನು ನೇಮಿಸಿದರು.

ಡೇರೆ ಎಂದರೆ ಡೇರೆಯಲ್ಲ, ಜೋಳದ ರಾಶಿಗೆ ಹೊದಿಸುವ ತಾಡಪತ್ರಿ. ಅದನ್ನು ಕಟ್ಟುವುದು ಅಭ್ಯಾಸವಾಗಲಿ ಎಂದು ಒಂದು ಮುಂಜಾನೆ ಎಲ್ಲರೂ ಕಣಕ್ಕೆ ಹೋದರು. ಅತ್ತೆ, ನಾನು ಬುತ್ತಿಯ ನೆಪದಲ್ಲಿ ಹಿಂದೆ ಹೋದೆವು. ನಾಲ್ಕು ಗೂಟ ಹುಗಿದು ತಾಡಪತ್ರಿ ಕಟ್ಟಿ ತಲಾಠಿಯವರು ಒಳಗೆ ಹೊಕ್ಕು, “ಅಗದಿ ಬಂಗಲೇದಾಗ ಇದ್ದಂಗ ಐತ್ರಿ!” ಎಂದು ಕೂಗಿದರು. ಆಗಲೇ ಬಯಲುಸೀಮೆಯ ಗಾಳಿ ಬೀಸಿತು. ಗೂಟ ಕಿತ್ತು ತಾಡಪತ್ರಿ ಎದ್ದು ತಲಾಠಿಯವರನ್ನು ಸುತ್ತಿಕೊಂಡು ಕಣದ ತುದಿಯವರೆಗೆ ಉರುಳಿಸಿತು. ಒಳಗಿನಿಂದ ಅವರು ದೇವರನ್ನೂ ಸಾವಕಾರರನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು. ಅತ್ತೆ ಕಣದ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅತ್ತೆಯ ತಯಾರಿ ಬೇರೆಯೇ ನಡೆದಿತ್ತು. ಕಾಡಿನಲ್ಲಿ ಮುಳ್ಳಿರುತ್ತದೆ ಎಂದು ಮಗನಿಂದ ಹುಬ್ಬಳ್ಳಿಯಲ್ಲಿ ಒಂದು ಜೋಡು ಚಪ್ಪಲಿ ತರಿಸಿಕೊಂಡರು. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ನಡೆದವರು. ಗಂಡಸರು ಹೊರಗೆ ಹೋದ ಮೇಲೆ ಅದನ್ನು ಹಾಕಿಕೊಂಡು ಹಿತ್ತಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಮೊದಲ ದಿನ ಎರಡು ಹೆಜ್ಜೆಗೊಮ್ಮೆ ಚಪ್ಪಲಿ ಹಿಂದೆ ಉಳಿಯುತ್ತಿತ್ತು. ವಾರದೊಳಗೆ ಟಪಟಪ ಎಂದು ಸದ್ದು ಮಾಡುತ್ತ ಓಡಾಡುವಷ್ಟು ಪಳಗಿದರು. ನಾವಿಲ್ಲದ ಎರಡು ದಿನ ಎಮ್ಮೆಯ ಹಾಲು ಹಿಂಡಲು ಪಕ್ಕದ ಮನೆಯವಳನ್ನು ತಾವೇ ಒಪ್ಪಿಸಿದರು. ಹೋಗುವ ಹಿಂದಿನ ದಿನ ಇಬ್ಬರೂ ಕೂತು ಎರಡು ಬುಟ್ಟಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಮಾಡಿದೆವು. ಅತ್ತೆ ನಡುನಡುವೆ ಕೇಳುತ್ತಿದ್ದರು, ಅಲ್ಲಿ ಹಕ್ಕಿ ಕೂಗುತ್ತವೋ, ಹೊಳೆಯ ಸಪ್ಪಳ ಕೂತಲ್ಲಿಗೆ ಕೇಳುತ್ತದೋ ಎಂದು. ನಾನು ಎಲ್ಲಕ್ಕೂ ಹೌದ್ರಿ ಅತ್ತಿ ಎಂದೆ.

ಮರುದಿನ ಮುಂಜಾನೆ ಅಣ್ಣಿಗೇರಿಯ ಬೀಗರ ಜೀಪು ಬಂದು ಅಂಗಳದಲ್ಲಿ ನಿಂತಿತು. ಮೇಲೆ ಬಟ್ಟೆಯ ಹೊದಿಕೆ, ಅದರ ಮೇಲೆ ಹೊರೆ ಹೇರುವಂತಿರಲಿಲ್ಲ. ಏನೇ ಇದ್ದರೂ ಒಳಗೇ ಹಿಡಿಸಬೇಕು. ಕಾಕಾ ತಾಡಪತ್ರಿಯನ್ನು ಬಾನೆಟ್ಟಿನ ಮೇಲೆ ಕಟ್ಟಿದರು. ನೀರಿನ ಕ್ಯಾನು ಎರಡೂ ಹಿಂದೆ ನಡುವೆ ನಿಂತವು. ಗಾದಿ, ಜಮಖಾನೆ, ರೊಟ್ಟಿ ಬುಟ್ಟಿ, ಹಲಗೆ ತುಂಬಿದರು. ಆಮೇಲೆ ಕುಳ್ಳಿನ ಚೀಲಗಳು. ಅವುಗಳ ಮೇಲೆ ಕೂಡುವಂತಿಲ್ಲ, ಕೂತರೆ ಪುಡಿಯಾಗುತ್ತವೆ. ಒಂದರ ಮೇಲೊಂದು ಒಟ್ಟಿದಾಗ ಹಿಂದಿನ ಒಂದು ಕಡೆಯ ಸೀಟೇ ಕಾಣದಾಯಿತು. ಕಾಕಾ ಓಡಿಸುವವರು, ಪಕ್ಕದಲ್ಲಿ ಮಾವ, ತಲಾಠಿ. ಹಿಂದೆ ನನ್ನ ಗಂಡ ಕ್ಯಾನು ಹಿಡಿದು ಅರ್ಧ ಕೂತರು. ಉಳಿದ ಮೂಲೆಗೆ ಅತ್ತೆ ಹತ್ತಿ ಕೂತಿದ್ದರು, ಇಳಕಲ್ ಸೀರೆ ಉಟ್ಟು, ಕಾಲಲ್ಲಿ ಚಪ್ಪಲಿ ಹಾಕಿಕೊಂಡು. ನಾನು ಕೆಳಗೆ ನಿಂತಿದ್ದೆ. ಹತ್ತಲು ಎಲ್ಲೂ ಜಾಗವಿರಲಿಲ್ಲ.

“ಇನ್ನೊಬ್ಬರು ಹಿಡಿಸೂದಿಲ್ಲಲೇ,” ಎಂದು ಕಾಕಾ ತಲೆ ಕೆರೆದುಕೊಂಡರು.

“ಒಂದೆರಡು ಚೀಲ ಕುಳ್ಳು ಇಳಸೂಣೇನ್ರಿ?” ಎಂದರು ನನ್ನ ಗಂಡ.

ತಲಾಠಿಯವರು ಮುಂದಿನಿಂದಲೇ ಹಿಂದೆ ತಿರುಗಿದರು. “ಎರಡು ದಿನ ಆರು ಮಂದಿ ಅಡಗಿ ಆಗಬೇಕ್ರಿ ಮಾಸ್ತರ. ಅಲ್ಲೆ ಕುಳ್ಳು ತೀರಿದ್ರ ಅಡವ್ಯಾಗ ಯಾರಪ್ಪ ತಂದುಕೊಡತಾನ?”

ಮಾವ ಹೌದೆನ್ನುವಂತೆ ತಲೆಯಾಡಿಸಿದರು. “ಅಡಗಿ ಮಾಡಾಕ ಒಬ್ಬಾಕಿ ಬಂದ್ರ ಸಾಕಲ್ಲ,” ಎಂದರು. ಯಾರು ಎಂದು ಹೇಳಲಿಲ್ಲ.

ಆಗ ಬಾಯಿ ತೆರೆಯುವುದು ನನ್ನ ಕೆಲಸವಾಗಿತ್ತು. ಅಲ್ಲಿ ಡಿಪೋ ಇರುತ್ತದೆ, ಆರೂ ಚೀಲ ಇಳಿಸಿ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಗ ಹೇಳಿದರೆ, ಇದು ನಿನಗೆ ತಿಂಗಳುಗಟ್ಟಲೆ ಗೊತ್ತಿತ್ತೇ, ಗೊತ್ತಿದ್ದೂ ನಮ್ಮನ್ನು ಮಂಗ ಮಾಡಿದೆಯಾ ಎಂದು ಅಂಗಳದಲ್ಲೇ ರಂಪವಾಗುತ್ತದೆ. ಅದಕ್ಕೆ ಹೆದರಿದೆ. ಜೊತೆಗೆ, ಸುಳ್ಳೇಕೆ ಹೇಳಲಿ, ತಲಾಠಿಯವರ ಮುಖ ನೋಡುವ ಆಸೆಯೂ ಇನ್ನೂ ಆರಿರಲಿಲ್ಲ. ನಾನೇ ಉಳಿದುಬಿಡುತ್ತೇನೆ ಎನ್ನೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಕೆಳಗಿಳಿದಿದ್ದರು.

“ಹತ್ತು ಯವ್ವಾ,” ಎಂದರು. “ನಿನಗರ ಅಡವಿ ಗೊತ್ತೈತಿ, ಇವರಿಗೆ ದಾರಿ ತೋರಿಸು. ನನಗ ಎಮ್ಮೀದ ಒಂದು ಚಿಂತಿ ಇದ್ದ ಇತ್ತು.”

“ಅತ್ತಿ, ನೀವು ಹೋಗ್ರಿ, ನಾ ಇರ್ತೀನಿ.”

“ಹುಚ್ಚಿ. ಹತ್ತು.”

ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟರು, ಅಲ್ಲಿ ಮುಳ್ಳಿರುತ್ತದೆ ಎಂದರು. ನಾನು ಹತ್ತಿದೆ. ಜೀಪು ಹೊರಳುವಾಗ ನೋಡಿದರೆ ಅವರು ಬರಿಗಾಲಿನಲ್ಲಿ ಅಂಗಳದ ಬಿಸಿಲಿನಲ್ಲಿ ನಿಂತಿದ್ದರು. ಮಾವ ಹಿಂದೆ ನೋಡದೆ, “ಚೊಲೊ ಆತು, ಮನಿಗೂ ಒಬ್ಬರು ಬೇಕಲ್ಲ,” ಎಂದರು. ನನಗೆ ಆ ಕ್ಷಣ ಅವರ ಮೇಲೆ ಬಂದ ಸಿಟ್ಟಿನ ಅರ್ಧದಷ್ಟಾದರೂ ನನ್ನ ಮೇಲೆ ಬಂದಿದ್ದರೆ ಜೀಪು ನಿಲ್ಲಿಸಿರುತ್ತಿದ್ದೆ.

ಧಾರವಾಡ ದಾಟಿ, ಹಳಿಯಾಳ ದಾಟಿ ಕಾಡು ಶುರುವಾಯಿತು. ಶುರುವಾದದ್ದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಸಾಗವಾನಿಯೆಲ್ಲ ಬೋಳು. ಮಾವ ಎಡಕ್ಕೂ ಬಲಕ್ಕೂ ನೋಡಿ, “ಏನಲೇ, ಇಲ್ಲೂ ಬಯಲ ಐತಲ್ಲ!” ಎಂದರು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಕುಳ್ಳಿನ ಚೀಲದ ಕಡೆ ನೋಡಿದೆ.

ಗೇಟಿನಲ್ಲಿ ಕಾವಲುಗಾರ ಚೀಲಗಳನ್ನು ಒತ್ತಿ ನೋಡಿ, ಒಂದರ ಬಾಯಿ ಬಿಚ್ಚಿಸಿದ. ಒಳಗೆ ಕೈ ಹಾಕಿ ಒಂದು ಕುಳ್ಳು ತೆಗೆದು, ತಿರುಗಿಸಿ ನೋಡಿ, ಮೂಸಿಯೂ ನೋಡಿದ.

“ಇದೇನ್ರಿ?”

“ಉರುವಲು,” ಎಂದರು ತಲಾಠಿಯವರು ಗತ್ತಿನಿಂದ. “ನಿಮ್ಮ ಕಾನೂನು ಪ್ರಕಾರ ತಂದೀವಿ.”

ಅವನು ಹಿಂದೆ ಕೈ ತೋರಿಸಿದ. ಗೇಟಿನ ಆಚೆ ಆಳೆತ್ತರಕ್ಕೆ ಒಟ್ಟಿದ ಒಣ ಸೌದೆ, ಹೊರೆ ಹೊರೆಯಾಗಿ ಕಟ್ಟಿ ಇಟ್ಟದ್ದು. ಡೇರೆಯವರಿಗೆ ಅಲ್ಲಿಂದಲೇ ಕೊಡುತ್ತೇವೆ ಎಂದ. ತಲಾಠಿಯವರ ಮುಖ ನಾನು ಎರಡು ತಿಂಗಳಿನಿಂದ ನೆನೆದಂತೆಯೇ ಆಯಿತು, ಬಾಯಿ ತೆರೆದದ್ದು ಮುಚ್ಚಲಿಲ್ಲ. ನನಗೆ ನಗು ಬರಲಿಲ್ಲ. ಮಾವ ಮಾತ್ರ ಸೋಲಲಿಲ್ಲ. ಕುಳ್ಳಿನ ಬೆಂಕಿಯ ಚಹಾದ ರುಚಿಯೇ ಬೇರೆ, ನಾವು ಅದನ್ನೇ ಹಚ್ಚುತ್ತೇವೆ ಎಂದರು. ಹಚ್ಚಿದೆವು. ಹೊಳೆಯ ದಂಡೆಯ ತೇವಕ್ಕೆ ಅದು ಉರಿಯಲಿಲ್ಲ, ಹೊಗೆಯಾಡಿತು. ಎರಡು ಕುಳ್ಳು ಖರ್ಚಾದ ಮೇಲೆ ಕಾಕಾ ಯಾರಿಗೂ ಹೇಳದೆ ಹೋಗಿ ಒಂದು ಹೊರೆ ಸೌದೆ ತಂದು ಹಾಕಿದರು.

ಹೊಳೆಯ ದಂಡೆಯಲ್ಲಿ ಮಾತ್ರ ಹಸಿರಿತ್ತು. ದೊಡ್ಡ ಮಾವಿನ ಮರಗಳು, ಹೊಂಗೆ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ನಡುಮಧ್ಯಾಹ್ನ ನಾನು ಒಂದು ಮರದ ಬುಡದಲ್ಲಿ ಕೂತೆ. ಮೂರು ತಾಸು ಕೂತಿದ್ದಿರಬಹುದು. ನೆರಳು ಒಂದು ಗೇಣೂ ಸರಿಯಲಿಲ್ಲ. ಹಕ್ಕಿ ಕೂಗುತ್ತಿದ್ದವು, ಹೊಳೆಯ ಸಪ್ಪಳ ಕೂತಲ್ಲಿಗೇ ಕೇಳುತ್ತಿತ್ತು. ನನಗೆ ಅಳು ಬಂತು. ಗಂಡ ಏನಾಯಿತು ಎಂದು ಕೇಳಿದರು. ಕುಳ್ಳಿನ ಹೊಗೆ ಎಂದೆ.

ಮರುದಿನ ಮುಂಜಾನೆ ಮಾವ ಮೊರಬದ ಕೆರೆಯ ನೀರಿನಿಂದ ಪೂಜೆ ಮಾಡುತ್ತ ಕಣ್ಣು ಮುಚ್ಚಿದ್ದಾಗ ಮುಸಿಯಗಳ, ಕರಿಮೋರೆಯ ದೊಡ್ಡ ಕೋತಿಗಳ, ಹಿಂಡು ಬಂದು ರೊಟ್ಟಿಯ ಬುಟ್ಟಿ ಎರಡನ್ನೂ ಮರ ಹತ್ತಿಸಿದವು. ಹುಲಿಗೆಂದು ತಂದ ಹಲಗೆಯನ್ನು ನನ್ನ ಗಂಡ ಬಡಿದರು. ಮುಸಿಯಗಳು ಕೊಂಬೆಯ ಮೇಲೆ ಕೂತು ಕಟಕ್ ರೊಟ್ಟಿ ಮುರಿಯುತ್ತ ನಿರಾಳವಾಗಿ ಕೇಳಿದವು. ರೊಟ್ಟಿಯಿಲ್ಲದ ಮೇಲೆ ಕಾಡಿನಲ್ಲಿ ಏನಿದೆ ಎಂದರು ಮಾವ. ಮಧ್ಯಾಹ್ನದ ಹೊತ್ತಿಗೆ ಡೇರೆ ಕಿತ್ತೆವು. ಕುಳ್ಳನ್ನು ಅಲ್ಲೇ ಬಿಟ್ಟು ಹೋಗೋಣವೆಂದರೆ ಕಾವಲುಗಾರ ಒಪ್ಪಲಿಲ್ಲ. ಎರಡೇ ಕುಳ್ಳು ಕಡಿಮೆಯಾದ ಆರು ಚೀಲ ಹೇಗೆ ಹೋಗಿದ್ದವೋ ಹಾಗೆಯೇ ಜೀಪು ಹತ್ತಿ ವಾಪಸ್ಸು ಬಂದವು.

ನಾವು ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಎಲ್ಲರಿಗೂ ಕಾಲಿಗೆ ನೀರು ಕೊಟ್ಟರು. ಪಡಸಾಲೆಯಲ್ಲಿ ಆಗಲೇ ತಲಾಠಿಯವರು ಬಂದವರಿಗೆಲ್ಲ ಕಾಡಿನ ಕಥೆ ಹೇಳತೊಡಗಿದ್ದರು. ಅದರಲ್ಲಿ ಮುಸಿಯಗಳು ಇಪ್ಪತ್ತರಿಂದ ಇನ್ನೂರಾಗಿದ್ದವು, ಕುಳ್ಳಿನ ಮಾತೇ ಇರಲಿಲ್ಲ. ನಾನು ಹಿತ್ತಲಿಗೆ ಹೋದೆ. ಚೀಲಗಳನ್ನು ಇಳಿಸಿ ಅಲ್ಲಿ ಎಸೆದಿದ್ದರು. ಅತ್ತೆ ಒಂದೊಂದೇ ಕುಳ್ಳು ತೆಗೆದು ಮತ್ತೆ ಒಟ್ಟುತ್ತಿದ್ದರು. ಅವರ ಎದುರು ಕುಕ್ಕುರುಗಾಲಲ್ಲಿ ಕೂತೆ.

“ನೆರಳು ಹೆಂಗಿತ್ತು?” ಎಂದು ಕೇಳಿದರು.

“ಸರೀಲಿಲ್ರಿ ಅತ್ತಿ.”

“ಹೌದೇನು,” ಎಂದು ಸಂತೋಷಪಟ್ಟರು. ನಿಜಕ್ಕೂ ಸಂತೋಷಪಟ್ಟರು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಅತ್ತಿ, ನಂದು ತಪ್ಪಾತ್ರಿ. ಅಲ್ಲೆ ಕಟಗಿ ಸಿಗತೈತಿ ಅಂತ ನನಗ ಮೊದಲಿಂದ ಗೊತ್ತಿತ್ತು. ಕುಳ್ಳು ಒಯ್ಯೂದು ಬ್ಯಾಡ ಇತ್ತು. ಸಿಟ್ಟಿಗೆ ಹೇಳಲಿಲ್ಲ.”

ಬೈಯಲಿ ಎಂದು ಕಾದೆ. ಅವರು ಕೈಯಲ್ಲಿದ್ದ ಕುಳ್ಳನ್ನು ಜಾಗದಲ್ಲಿಟ್ಟು ಇನ್ನೊಂದು ತೆಗೆದರು.

“ಅಲ್ಲೆ ಒಬ್ಬ ಕಾವಲದಾವ ಇರತಾನ ಅಂತ ಕಾಗದದಾಗ ಓದಿದರಲ್ಲ,” ಎಂದರು. “ಅವನೂ ದಿನಾ ಉಣತಾನ. ಏನರ ಹಚ್ಚಿ ಬೇಯಿಸ್ಕೊಂತಾನ. ಅಷ್ಟು ತಿಳಿಯೂದಿಲ್ಲೇನ ಬೇ ನನಗ?”

ನಾನು ಕೇಳಿಯೇಬಿಟ್ಟೆ. “ಮತ್ತ ನೀವ್ಯಾಕ ಹೇಳಲಿಲ್ರಿ?”

“ನಾ ಲಗ್ನಾಗಿ ಬಂದ ವರ್ಷ ಒಂದ ಮಾತು ಹೇಳಿ ಬಯ್ಸಿಕೊಂಡು, ಅವತ್ತ ಬಾಯಿ ಮುಚ್ಚಿದಾಕಿ,” ಎಂದರು ಅತ್ತೆ. “ನೀ ಹಂಗಲ್ಲ, ಎರಡನೇ ಸಲಾನೂ ಹೇಳ್ತಿ ಅಂತ ತಿಳದಿದ್ನಿ. ಜೀಪ್ ಹತ್ತಿ ಕುಂತು ನೀ ಹೇಳೂದರ ದಾರಿ ನೋಡಿದ್ನಿ.”

ಪಡಸಾಲೆಯಿಂದ ಚಹಾ ಬೇಕೆಂದು ಕೂಗು ಬಂತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಒಳಗೆ ಹೋದರು.